ಅಟ್ಟದಲ್ಲಿ ಸಿಕ್ಕ ಮಡಚುಚಾಕು: ಗುರುತು ನೋಡಿ ಕಾಲ ಹೇಳಬಹುದೇ?

ಹೇಮಾವತಿ ದಡ (ಸಕಲೇಶಪುರ), ಶನಿವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯುವ ಮೊದಲು ಹಂಚು ಕೈಯಾಡಿಸೋಣ ಅಂತ ಅಟ್ಟ ಖಾಲಿ ಮಾಡ್ತಿದ್ವಿ. ಒಂದು ತಗಡಿನ ಪೆಟ್ಟಿಗೆಯಲ್ಲಿ ಕಾಫಿ ಲೆಕ್ಕದ ಚೀಟಿಗಳು, ಕಂದಾಯದ ರಸೀದಿಗಳು, ಕಾಲು ಮುರಿದ ಕನ್ನಡಕ, ಇವುಗಳ ಜೊತೆ ಈ ಮಡಚುಚಾಕು ಸಿಕ್ಕಿತು. ಮಡಚಿದಾಗ ಸುಮಾರು ಮೂರೂವರೆ ಇಂಚು ಉದ್ದ. ಎರಡು ಅಲಗು, ಒಂದು ದೊಡ್ಡದು, ಒಂದು ಚಿಕ್ಕದು. ಹಿಡಿ ಕೆನೆಬಣ್ಣ, ಉದ್ದಕ್ಕೂ ಸಣ್ಣ ಸಣ್ಣ ಗೆರೆ. ದೊಡ್ಡ ಅಲಗಿನ ಬುಡದಲ್ಲಿ ತುಕ್ಕಿನ ಮಧ್ಯೆ ಒಂದು ನಕ್ಷತ್ರ, ಅದರ ಕೆಳಗೆ ಇಂಗ್ಲಿಷಿನಲ್ಲಿ '...ಜರ್ಸ್ ಅಂಡ್ ಸನ್ಸ್' ಅನ್ನುವಷ್ಟು ಮಾತ್ರ ಕಾಣುತ್ತದೆ.

ನಮ್ಮ ಮನೆಯಲ್ಲಿ ಬಂದ ಮಾತು ಹೀಗಿದೆ: ರಾಣಿಯ ಜುಬಿಲಿ ವರ್ಷ, ಅಂದರೆ 1887ರಲ್ಲಿ, ತೋಟದ ದೊರೆ ನಮ್ಮ ಮುತ್ತಜ್ಜನಿಗೆ ಇನಾಮು ಕೊಟ್ಟ ಚಾಕು ಇದು, ಹಿಡಿ ಆನೆದಂತದ್ದು. ಅಪ್ಪ ಹಾಸನಕ್ಕೆ ಒಯ್ದು ಫಳಫಳ ಅನ್ನುವ ಹಾಗೆ ಉಜ್ಜಿಸಿ, ಗಾಜಿನ ಚೌಕಟ್ಟು ಹಾಕಿಸಬೇಕು ಅಂತಿದ್ದಾರೆ. ಅದಕ್ಕೆ ಮೊದಲು ತಿಳಿದವರು ನೋಡಿ ಹೇಳಿ. ಐದು ಫೋಟೋ ಹಾಕಿದ್ದೇನೆ.

ಸಾಣೆಕಲ್ಲು (ಅರಸೀಕೆರೆ), ಶನಿವಾರ ಬೆಳಿಗ್ಗೆ

ಅಪ್ಪಾಜಿಯವರಿಗೆ ನನ್ನ ಕಡೆಯಿಂದ ಕೈಮುಗಿದು ಹೇಳಿ, ಉಜ್ಜಿಸೋದು ಬೇಡ. ನಮ್ಮದು ಮೂರು ತಲೆಮಾರಿನಿಂದ ಕುಲುಮೆ ಮನೆ. ಐದಾರು ವರ್ಷದ ಹಿಂದೆ ನಮ್ಮ ಸೋದರಮಾವನವರ ಚಾಕು ಒಂದು ಅಂಗಡಿಗೆ ಕೊಟ್ಟಿದ್ವಿ. ಮೋಟಾರಿನ ಚಕ್ರಕ್ಕೆ ಹಿಡಿದು ಕನ್ನಡಿ ಥರ ಮಾಡಿ ಕೊಟ್ಟರು. ಅಲಗಿನ ಬುಡದಲ್ಲಿದ್ದ ಮೂರು ಸಾಲು ಅಕ್ಷರ ಹೋಯ್ತು. ಅದು ಯಾವ ಊರಿನದು, ಯಾವ ಕಾಲದ್ದು ಅಂತ ಇನ್ನು ಯಾರೂ ಹೇಳೋ ಹಾಗಿಲ್ಲ. ಇವತ್ತಿಗೂ ಅದನ್ನ ನೋಡಿದರೆ ಹೊಟ್ಟೆ ಉರಿಯುತ್ತೆ.

ನೀವು ಮಾಡಬೇಕಾದ್ದು ಇಷ್ಟು. ಹತ್ತಿಗೆ ಒಂದೆರಡು ತೊಟ್ಟು ಸೀಮೆಎಣ್ಣೆ ಹಾಕಿ, ಅಕ್ಷರ ಇರೋ ಜಾಗದ ಮೇಲೆ ಮಾತ್ರ ಒಂದು ರಾತ್ರಿ ಇಡಿ. ಹಿಡಿಗೆ ತಾಗಿಸಬೇಡಿ. ಬೆಳಿಗ್ಗೆ ಬಿದಿರಿನ ಕಡ್ಡಿ ಚೂಪು ಮಾಡಿ ಮೆಲ್ಲಗೆ ಕೆರೆಯಿರಿ. ಉಪ್ಪುಕಾಗದ, ತಂತಿ ಬ್ರಷ್ಷು, ಹುಣಸೆಹಣ್ಣು ಯಾವುದೂ ಬೇಡ. ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಸವರಿ ಬೆರಳಲ್ಲಿ ಒರೆಸಿದರೆ ಗುಳಿಯೊಳಗೆ ಬಿಳಿ ಉಳಿಯುತ್ತೆ. ಕೋಣೆ ಕತ್ತಲೆ ಮಾಡಿ ಟಾರ್ಚು ಓರೆಯಾಗಿ ಹಿಡಿದು ಫೋಟೋ ತೆಗೀರಿ. ನೇರ ಬೆಳಕಿಗೆ ಕಾಣದ ಅಕ್ಷರ ಓರೆ ಬೆಳಕಿಗೆ ಎದ್ದು ಬರುತ್ತೆ.

ಹಳೇ ರೈಟರ್ (ಮೂಡಿಗೆರೆ), ಶನಿವಾರ ಮಧ್ಯಾಹ್ನ

ಮಗೂ, ನಾನು ಮೂವತ್ತೆಂಟು ವರ್ಷ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಈ ಜಾತಿಯ ಚಾಕು ಬಹಳ ನೋಡಿದ್ದೇನೆ. ನಿಮ್ಮ ಫೋಟೋದಲ್ಲಿ ನಕ್ಷತ್ರದ ಪಕ್ಕ ತುಕ್ಕು ಮುಚ್ಚಿದ ಇನ್ನೊಂದು ಗುರುತಿದೆ. ಅದು ಎಂಟು ಮೊನೆಯ ಮಾಲ್ಟಾ ಶಿಲುಬೆ ಆಗಿದ್ದರೆ ಇದು ಇಂಗ್ಲೆಂಡಿನ ಶೆಫೀಲ್ಡ್ ಊರಿನ ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್ ಕಂಪನಿಯದು. ನಕ್ಷತ್ರ ಮತ್ತು ಶಿಲುಬೆಯ ಗುರುತು ಆ ಮನೆತನಕ್ಕೆ ಸಿಕ್ಕಿದ್ದು 1764ರಲ್ಲಿ. ಹೆಸರು ಓದುವಾಗ ಒಂದು ಅಕ್ಷರದ ಮೇಲೆ ಕಣ್ಣಿರಲಿ: ಇಂಗ್ಲಿಷಿನಲ್ಲಿ ರಾಡ್ಜರ್ಸ್ ಹೆಸರಿನ ನಡುವೆ 'ಡಿ' ಇರಬೇಕು. ಹೆಸರುವಾಸಿ ಮಾಲಿಗೆ ನಕಲಿ ತಪ್ಪಿದ್ದಲ್ಲ. 'ಡಿ' ಇಲ್ಲದಿದ್ದರೆ ಅದು ಬೇರೆ ಯಾರದೋ ಸರಕು.

ಕಾಲ ಹೇಳಲು ಇವರ ಚಾಕುಗಳಲ್ಲಿ ಒಂದು ಅನುಕೂಲವಿದೆ. 1822ರಿಂದ ಇವರು ಅರಮನೆಗೆ ಚಾಕು ಒದಗಿಸುವವರಾದರು. ಅಲ್ಲಿಂದ ಮುಂದೆ ಆಳುವ ರಾಜನ ಹೆಸರಿನ ಮೊದಲಕ್ಷರ, ನಡುವೆ ಕಿರೀಟ, ಆಮೇಲೆ 'ಆರ್' ಅಕ್ಷರ, ಹೀಗೆ ಅಲಗಿನ ಮೇಲೆ ಒತ್ತತೊಡಗಿದರು. 'ವಿ ಆರ್' ಇದ್ದರೆ ವಿಕ್ಟೋರಿಯಾ ರಾಣಿ, 1837ರಿಂದ 1901. 'ಇ ಆರ್' ಇದ್ದರೆ ಏಳನೇ ಎಡ್ವರ್ಡ್, 1901ರಿಂದ 1910. 'ಜಿ ಆರ್' ಇದ್ದರೆ ಐದನೇ ಜಾರ್ಜ್ ಅಥವಾ ಆರನೇ ಜಾರ್ಜ್, 1910ರಿಂದ 1952ರ ನಡುವೆ. ಮಧ್ಯೆ 1936ರಲ್ಲಿ ಎಂಟನೇ ಎಡ್ವರ್ಡ್ ಕೆಲವು ತಿಂಗಳು ಮಾತ್ರ ಇದ್ದ. ನಾಲ್ಕನೇ ಜಾರ್ಜನದೂ 'ಜಿ ಆರ್' ಆಗುತ್ತದೆ, ಆದರೆ ಅವನು 1830ರಲ್ಲೇ ತೀರಿಕೊಂಡ.

ನಿಮ್ಮ ಮನೆಯ ಮಾತು ನಿಜವಾದರೆ ಕಿರೀಟದ ಎಡಕ್ಕೆ 'ವಿ' ಇರಬೇಕು. ನೋಡಿ ಹೇಳಿ.

ಬೇಲೂರು ದಾರಿ (ಹಾಸನ), ಶನಿವಾರ ಸಂಜೆ

ಹಿರಿಯರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನನಗೆ ಶಾಸನಗಳ ಹುಚ್ಚು. ನಮ್ಮ ಜಿಲ್ಲೆಯಲ್ಲಿ ಕಲ್ಲಿಗೇನೂ ಬರವಿಲ್ಲವಲ್ಲ. ತಿಥಿ ಇಲ್ಲದೆ ಬರೀ ರಾಜನ ಹೆಸರಿರುವ ಶಾಸನ ಸಿಕ್ಕರೆ 'ಇಂಥ ವರ್ಷ' ಅನ್ನುವುದಿಲ್ಲ, 'ಇವನ ಆಳ್ವಿಕೆಯಲ್ಲಿ' ಅನ್ನುತ್ತೇವೆ. ಅದೇ ಕಲ್ಲಿನಲ್ಲಿ ಅವನ ನಂತರದವನ ಹೆಸರೂ ಇದ್ದರೆ, ಮೊದಲನೆಯವನನ್ನು ಬಿಟ್ಟು ಎರಡನೆಯವನ ಕಾಲಕ್ಕೆ ಬರುತ್ತೇವೆ. ಚಾಕುವಿಗೂ ಅದೇ ನ್ಯಾಯ. ಪ್ರತಿ ಗುರುತೂ 'ಇದಕ್ಕಿಂತ ಹಿಂದಿನದಲ್ಲ' ಅಂತ ಹೇಳುತ್ತದೆ, ಅಷ್ಟೇ. ಇರುವ ಗುರುತುಗಳಲ್ಲಿ ಯಾವುದು ಎಲ್ಲಕ್ಕಿಂತ ಈಚಿನದೋ ಅದಕ್ಕೆ ಚಾಕು ಕಟ್ಟುಬಿದ್ದಿರುತ್ತದೆ. 1764ರ ನಕ್ಷತ್ರ ಇದೆ ಅಂದಮಾತ್ರಕ್ಕೆ ಚಾಕು 1764ರದಾಗುವುದಿಲ್ಲ.

ಕೊನೆಯ ಸಾಲಿನಲ್ಲಿ ಶೆಫೀಲ್ಡ್ ಅಂತ ಮಾತ್ರ ಇದೆಯೋ, ಮುಂದೆ 'ಇಂಗ್ಲೆಂಡ್' ಅಂತಲೂ ಇದೆಯೋ ನೋಡಿ. ಅಮೆರಿಕ 1890ರಲ್ಲಿ ಮೆಕಿನ್ಲೆ ಸುಂಕದ ಕಾಯ್ದೆ ತಂದು, ತನ್ನ ದೇಶಕ್ಕೆ ಬರುವ ಮಾಲಿನ ಮೇಲೆ ಹುಟ್ಟಿದ ದೇಶದ ಹೆಸರು ಇರಲೇಬೇಕು ಅಂದಿತು. ಅದಾದ ಮೇಲೆ ದೇಶದ ಹೆಸರು ಒತ್ತುವುದು ವಾಡಿಕೆಯಾಯಿತು. ಹಾಗಾಗಿ 'ಇಂಗ್ಲೆಂಡ್' ಇದ್ದರೆ ಸಾಮಾನ್ಯವಾಗಿ 1890ರ ಈಚೆ. ಇಲ್ಲದಿದ್ದರೆ ಹಿಂದಿನದು ಅಂತ ಮಾತ್ರ ತೀರ್ಮಾನಿಸಬೇಡಿ. ಅಮೆರಿಕಕ್ಕೆ ಹೋಗದ ಮಾಲಿಗೆ ಆ ಕಾಯ್ದೆಯ ಹಂಗಿರಲಿಲ್ಲ.

ಹೇಮಾವತಿ ದಡ, ಭಾನುವಾರ ಬೆಳಿಗ್ಗೆ

ಸಾಣೆಕಲ್ಲು ಅಣ್ಣ ಹೇಳಿದ ಹಾಗೇ ಮಾಡಿದೆ. ಅಕ್ಷರ ಎದ್ದು ಬಂದಾಗ ಮೈ ಜುಂ ಅಂತು. ನಕ್ಷತ್ರ, ಶಿಲುಬೆ ಎರಡೂ ಇವೆ. ರಾಡ್ಜರ್ಸ್ ಹೆಸರಲ್ಲಿ 'ಡಿ' ಇದೆ. 'ಕಟ್ಲರ್ಸ್ ಟು ಹಿಸ್ ಮೆಜೆಸ್ಟಿ' ಅಂತ ಒಂದು ಸಾಲು. ಕೊನೆಯಲ್ಲಿ ಶೆಫೀಲ್ಡ್, ಇಂಗ್ಲೆಂಡ್.

ಕಿರೀಟದ ಎಡಕ್ಕೆ ಇರುವುದು 'ಜಿ'. ಹತ್ತು ಸಲ ನೋಡಿದೆ, 'ವಿ' ಅಲ್ಲವೇ ಅಲ್ಲ.

ಅಂದರೆ 1887 ಸುಳ್ಳು. ಅಪ್ಪನಿಗೆ ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ. ಚಿಕ್ಕಂದಿನಿಂದ ಬಂದ ನೆಂಟರಿಗೆಲ್ಲ ಈ ಕಥೆ ಹೇಳಿಕೊಂಡು ಬಂದವರು ಅವರು.

ಹಳೇ ರೈಟರ್, ಭಾನುವಾರ ಬೆಳಿಗ್ಗೆ

'ಹಿಸ್ ಮೆಜೆಸ್ಟಿ' ಅಂದರೆ ಆಗ ಗದ್ದುಗೆಯಲ್ಲಿದ್ದದ್ದು ರಾಜ, ರಾಣಿಯಲ್ಲ. 'ಜಿ' ಜೊತೆಗೆ 'ಇಂಗ್ಲೆಂಡ್' ಕೂಡ ಇರುವುದರಿಂದ ನಾಲ್ಕನೇ ಜಾರ್ಜನನ್ನು ಬಿಟ್ಟುಬಿಡಿ. 1910ರಿಂದ 1952ರ ಒಳಗೆ. ಮನೆಯಲ್ಲಿ ಯಾರೂ ಸುಳ್ಳು ಹೇಳಿಲ್ಲ ಮಗೂ. ಒಂದು ಮನೆಯಲ್ಲಿ ಎರಡು ಚಾಕು ಇರುತ್ತವೆ, ಒಂದು ಕಳೆದುಹೋಗುತ್ತದೆ, ಉಳಿದದ್ದರ ಮೇಲೆ ಕಳೆದದ್ದರ ಕಥೆ ಬಂದು ಕೂರುತ್ತದೆ. ನಮ್ಮ ಎಸ್ಟೇಟ್ ಬಂಗಲೆಯ ಗೋಡೆ ಗಡಿಯಾರಕ್ಕೂ ಹೀಗೇ ಆಗಿತ್ತು. ಮನೆಯಲ್ಲಿ ಹಿರಿಯರು ಯಾರಿದ್ದಾರೆ? ಚಾಕು ಅವರ ಕೈಗೆ ಕೊಟ್ಟು ಕೇಳಿ.

ರಸಾಯನ ಪಾಠ (ಚಿಕ್ಕಮಗಳೂರು), ಭಾನುವಾರ ಮಧ್ಯಾಹ್ನ

ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ಅಕ್ಷರದ ವಿಷಯ ನನಗೆ ಗೊತ್ತಿಲ್ಲ, ಹಿಡಿಯ ವಿಷಯ ಹೇಳಬಲ್ಲೆ. ನಿಮ್ಮ ನಾಲ್ಕನೇ ಫೋಟೋ ದೊಡ್ಡದು ಮಾಡಿ ನೋಡಿದೆ. ಅದು ದಂತ ಅಂತ ನನಗನ್ನಿಸುತ್ತಿಲ್ಲ.

ಆನೆದಂತವನ್ನು ಅಡ್ಡ ಕೊಯ್ದ ಮುಖದಲ್ಲಿ ಗೆರೆಗಳು ಒಂದನ್ನೊಂದು ಹಾದುಹೋಗಿ ಬಲೆ ಹೆಣೆದ ಹಾಗೆ ಕಾಣುತ್ತವೆ. ಅವನ್ನು ಶ್ರೇಗರ್ ಗೆರೆ ಎನ್ನುತ್ತಾರೆ. ಚಾಕುವಿನ ಹಿಡಿಗೆ ದಂತವನ್ನು ಉದ್ದಕ್ಕೆ ಸೀಳಿ ಹಾಕುವುದರಿಂದ ಆ ಬಲೆ ಮೇಲ್ಮೈಯಲ್ಲಿ ಸಿಗುವುದಿಲ್ಲ, ತುದಿಯ ಅಂಚಿನಲ್ಲಿ ಹುಡುಕಬೇಕು. ಮೇಲ್ಮೈಯ ಗೆರೆಗಳು ಒಂದಷ್ಟು ಬಾಗುತ್ತವೆ, ತೆಳುವಾಗುತ್ತವೆ, ಮಾಯವಾಗುತ್ತವೆ; ಮರದ ಹಾಗೆ ಅದೂ ಬೆಳೆದ ವಸ್ತು. ನಿಮ್ಮ ಹಿಡಿಯ ಗೆರೆಗಳು ಅಡಿಕೋಲು ಇಟ್ಟು ಎಳೆದಂತೆ ನೆಟ್ಟಗಿವೆ, ಒಂದೇ ಅಂತರದಲ್ಲಿ ಮರಳಿ ಮರಳಿ ಬರುತ್ತವೆ. ಮೂಳೆಯೂ ಅಲ್ಲ. ಮೂಳೆಯಾಗಿದ್ದರೆ ರಕ್ತನಾಳ ಹಾದುಹೋದ ಸಣ್ಣ ತೂತುಗಳಲ್ಲಿ ಕೊಳೆ ಕೂತು ಕಪ್ಪು ಚುಕ್ಕೆ, ಗೀಟು ಕಾಣಬೇಕಿತ್ತು.

ನನ್ನ ಊಹೆ ಸೆಲ್ಯುಲಾಯ್ಡ್. ಅಮೆರಿಕದ ಜಾನ್ ವೆಸ್ಲಿ ಹಯಟ್ 1870ರ ಹೊತ್ತಿಗೆ ರೂಪ ಕೊಟ್ಟ ವಸ್ತು. ದಂತದ ಬದಲಿಗೆಂದೇ ಹೆಸರಾಯಿತು, ದಂತದಂತೆ ಕಾಣಲು ಪದರ ಪದರವಾಗಿ ಒತ್ತಿ ಈ ಗೆರೆ ಬರಿಸುತ್ತಿದ್ದರು. ಪರೀಕ್ಷೆ ಸುಲಭ. ಹೆಬ್ಬೆರಳಿನಿಂದ ಹಿಡಿಯನ್ನು ಬಿಸಿಯಾಗುವವರೆಗೆ ಗಸಗಸ ಉಜ್ಜಿ ತಕ್ಷಣ ಮೂಸಿ ನೋಡಿ. ನೈಟ್ರೋಸೆಲ್ಯುಲೋಸಿಗೆ ಕರ್ಪೂರ ಬೆರೆಸಿ ಮಾಡುವ ವಸ್ತು ಅದು. ಮಂಗಳಾರತಿ ತಟ್ಟೆಯ ವಾಸನೆ ನಮಗೆ ಹೇಳಿಕೊಡಬೇಕಾಗಿಲ್ಲ. ಕಾದ ಸೂಜಿ ಚುಚ್ಚಿ ನೋಡಿ ಅಂತ ಯಾರಾದರೂ ಹೇಳಿದರೆ ಖಂಡಿತ ಬೇಡ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಹೇಮಾವತಿ ದಡ, ಭಾನುವಾರ ಮಧ್ಯಾಹ್ನ

ಮೇಡಂ, ಕರ್ಪೂರ! ಅಮ್ಮನ ಕೈಗೆ ಕೊಟ್ಟೆ, ಏನೂ ಹೇಳದೆ. ಮೂಸಿ ನೋಡಿ 'ದೇವರ ಮನೆ ವಾಸನೆ' ಅಂದರು.

ರಸಾಯನ ಪಾಠ, ಭಾನುವಾರ ಸಂಜೆ

ಹಾಗಾದರೆ ಸಂಶಯವಿಲ್ಲ. ಚಾಕುಗಳ ಹಿಡಿಗೆ ಸೆಲ್ಯುಲಾಯ್ಡ್ ಹೆಚ್ಚು ಬಳಕೆಯಾದದ್ದು ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಇಪ್ಪತ್ತನೇ ಶತಮಾನದ ಮಧ್ಯದವರೆಗೆ. ನಿಮ್ಮ 'ಜಿ ಆರ್' ಅವಧಿಗೆ ಸರಿಯಾಗಿ ಕೂರುತ್ತದೆ.

ಉಳಿದವರಿಗೂ ಉಪಯೋಗವಾಗಲಿ ಅಂತ ಹೇಳುತ್ತೇನೆ. ಉಜ್ಜಿದಾಗ ಕಾರ್ಬಾಲಿಕ್ ಸೋಪಿನಂಥ ಘಾಟು ಬಂದರೆ ಬೇಕಲೈಟ್. ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1909ರಲ್ಲಿ, ಹಾಗಾಗಿ ಅದಕ್ಕಿಂತ ಹಿಂದೆ ಹೋಗುವಂತಿಲ್ಲ. ಸೀದ ಹಾಲಿನ ವಾಸನೆ ಬಂದರೆ ಹಾಲಿನ ಕೇಸೀನ್‌ನಿಂದ ಮಾಡಿದ ಗ್ಯಾಲಲಿತ್. ಕೂದಲು ಸುಟ್ಟ ವಾಸನೆ ಸಣ್ಣಗೆ ಬಂದರೆ ಕೊಂಬು.

ಒಂದು ಎಚ್ಚರಿಕೆ ಇದೆ. ಹಳೆಯ ಸೆಲ್ಯುಲಾಯ್ಡ್ ತಾನಾಗಿಯೇ ಕೆಡುತ್ತದೆ. ಅದರಿಂದ ಹೊರಡುವ ನೈಟ್ರೋಜನ್ ಆಕ್ಸೈಡುಗಳು ಗಾಳಿಯ ತೇವದ ಜೊತೆ ಸೇರಿ ನೈಟ್ರಿಕ್ ಆಮ್ಲವಾಗುತ್ತವೆ. ಸ್ಪ್ರಿಂಗ್ ತುಕ್ಕು ಹಿಡಿಯುವುದು, ಹಿತ್ತಾಳೆಯ ಒಳತಗಡು ಹಸಿರಾಗುವುದು ಅದರಿಂದ. ಗಾಳಿಯಾಡದ ಗಾಜಿನ ಚೌಕಟ್ಟಿನಲ್ಲಿ ಇಟ್ಟರೆ ಆ ಆವಿ ಅಲ್ಲೇ ಉಳಿದು ಚಾಕುವನ್ನೇ ತಿನ್ನುತ್ತದೆ. ನಿಮ್ಮ ಅಪ್ಪನವರಿಗೆ ಇದನ್ನು ತಿಳಿಸಿ.

ಮಲೆನಾಡ ಹಳೆ ಸಾಮಾನು (ಚಿಕ್ಕಮಗಳೂರು), ಭಾನುವಾರ ರಾತ್ರಿ

ನಾನು ಹಳೆಯ ವಸ್ತು ಕೊಳ್ಳುತ್ತೇನೆ. ಇದು ಪ್ಲಾಸ್ಟಿಕ್ ಆಯ್ತು, ಬಿಡಿ. ಯಾರ ಹತ್ತಿರವಾದರೂ ನಿಜವಾದ ದಂತದ ಹಿಡಿ ಅಥವಾ ಕಡವೆ ಕೊಂಬಿನ ಹಿಡಿಯ ಚಾಕು ಇದ್ದರೆ ಒಳ್ಳೆಯ ಬೆಲೆ ಕೊಡುತ್ತೇನೆ.

ಹಳೇ ರೈಟರ್, ಭಾನುವಾರ ರಾತ್ರಿ

ಸ್ವಾಮಿ, ಈ ಮಾತು ಇಲ್ಲಿ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. 1986ರ ತಿದ್ದುಪಡಿಯ ಮೇಲೆ ನಮ್ಮ ದೇಶದ ಆನೆದಂತದ ವ್ಯಾಪಾರಕ್ಕೆ ಪೂರ್ತಿ ಬಾಗಿಲು ಹಾಕಿದೆ. ಕಡವೆ ಕೊಂಬಿನ ಮಾರಾಟವೂ ಅಪರಾಧವೇ. ನೂರು ವರ್ಷ ಹಳೆಯದು ಅನ್ನುವುದು ರಕ್ಷಣೆಯಲ್ಲ. ಮನೆಯಲ್ಲಿ ಅಂಥದ್ದು ಇದ್ದವರು ಮಾರಲೂಬಾರದು, ಅಂಚೆಯಲ್ಲಿ ಕಳಿಸಲೂಬಾರದು. ಹತ್ತಿರದ ಅರಣ್ಯ ಕಚೇರಿಯಲ್ಲಿ ಕೇಳಿ ನಡೆದುಕೊಳ್ಳಿ.

ಶೆಫೀಲ್ಡಿನವರು ಹಿಡಿಗೆ ಬಳಸುತ್ತಿದ್ದ ಕೊಂಬಿನಲ್ಲಿ ಭಾರತದ ಕಡವೆಯದೂ ಧಾರಾಳವಾಗಿ ಇತ್ತು. ಕಾಡಿನಲ್ಲಿ ಉದುರಿದ ಕೊಂಬು ಹಡಗು ಹತ್ತಿ ಹೋಗಿ, ಹಿಡಿಯಾಗಿ ಇದೇ ದೇಶಕ್ಕೆ ಮರಳಿ ಬಂದದ್ದುಂಟು. ಗುರುತು ಹೇಗೆಂದರೆ, ಕಡವೆ ಕೊಂಬಿನ ಹೊರಮೈ ಮರದ ತೊಗಟೆಯ ಹಾಗೆ ಉಬ್ಬುತಗ್ಗು, ತಗ್ಗಿನಲ್ಲಿ ಕಂದು, ಉಬ್ಬಿನಲ್ಲಿ ಬಿಳುಪು. ಮೂಳೆಗೆ ಗೀರು ಹಾಕಿ ಬಣ್ಣ ಕೊಟ್ಟ ನಕಲಿಯಲ್ಲಿ ಎರಡು ಪಕ್ಕದ ಗೀರೂ ಒಂದೇ ಕ್ರಮದಲ್ಲಿರುತ್ತದೆ. ಇದನ್ನು ಗುರುತಿಸಲು ಹೇಳಿದೆ, ಕೊಳ್ಳಲು ಅಲ್ಲ.

ಕೊಪ್ಪದ ಮಳೆ (ಕೊಪ್ಪ), ಸೋಮವಾರ ಬೆಳಿಗ್ಗೆ

ಈ ಚರ್ಚೆ ಓದಿ ನಮ್ಮ ಮನೆಯ ಬೀರು ತೆಗೆದೆ. ದೊಡ್ಡಮ್ಮನ ಹಣ್ಣಿನ ಚಾಕು ಇದೆ. ಪುಟ್ಟದು, ಅಲಗೂ ಬೆಳ್ಳಿ, ಹಿಡಿ ಮುತ್ತಿನ ಚಿಪ್ಪು. ಅಲಗಿನ ಮೇಲೆ ನಾಲ್ಕೈದು ಪುಟಾಣಿ ಮುದ್ರೆ: ನಡೆಯುವ ಸಿಂಹ, ಕಿರೀಟ, ಒಂದು ಅಕ್ಷರ, ಒಬ್ಬ ಹೆಂಗಸಿನ ತಲೆ. ಏನು ಇದು?

ಬೇಲೂರು ದಾರಿ, ಸೋಮವಾರ ಬೆಳಿಗ್ಗೆ

ಅಕ್ಕ, ನಿಮ್ಮದು ಇಲ್ಲಿ ಬಂದ ಚಾಕುಗಳಲ್ಲೆಲ್ಲ ಸ್ಪಷ್ಟವಾಗಿ ಮಾತಾಡುವ ಚಾಕು. ಸಿಂಹ ಅಂದರೆ ಸ್ಟರ್ಲಿಂಗ್ ಬೆಳ್ಳಿ, ಸಾವಿರಕ್ಕೆ 925 ಪಾಲು ಶುದ್ಧ. ಕಿರೀಟ ಶೆಫೀಲ್ಡಿನ ಪರೀಕ್ಷಾ ಕಚೇರಿಯ ಗುರುತು. ಆ ಕಚೇರಿ ತೆರೆದದ್ದು 1773ರಲ್ಲಿ. ಕಿರೀಟದ ಬದಲು ಲಂಗರು ಇದ್ದಿದ್ದರೆ ಬರ್ಮಿಂಗ್‌ಹ್ಯಾಮ್ ಆಗುತ್ತಿತ್ತು. ಹೆಂಗಸಿನ ತಲೆ ವಿಕ್ಟೋರಿಯಾ ರಾಣಿಯದು, ಸರ್ಕಾರಕ್ಕೆ ಸುಂಕ ಕಟ್ಟಿದ್ದಕ್ಕೆ ರುಜು. ಆ ಸುಂಕವನ್ನು 1890ರಲ್ಲಿ ತೆಗೆದುಹಾಕಿದರು, ತಲೆಯ ಮುದ್ರೆಯೂ ನಿಂತಿತು. ಆದ್ದರಿಂದ 1890ಕ್ಕಿಂತ ಈಚಿನದಾಗಲು ಸಾಧ್ಯವಿಲ್ಲ. ಉಳಿದ ಒಂಟಿ ಅಕ್ಷರ ವರ್ಷದ ಅಕ್ಷರ. ಅದರ ಲಿಪಿಯ ಶೈಲಿ ಮತ್ತು ಸುತ್ತಲಿನ ಚೌಕಟ್ಟಿನ ಆಕಾರ ಸಮೇತ ಫೋಟೋ ಹಾಕಿ, ಶೆಫೀಲ್ಡಿನ ಪಟ್ಟಿಗೆ ಹೋಲಿಸಿದರೆ ವರ್ಷ ಸಿಗುತ್ತದೆ. ಉಕ್ಕಿನ ಚಾಕುವಿಗೆ ಈ ಭಾಗ್ಯ ಇಲ್ಲ.

ಗಂಧದಗುಡಿ ರಸ್ತೆ (ಹಾಸನ), ಸೋಮವಾರ ಮಧ್ಯಾಹ್ನ

ನನ್ನ ಹತ್ತಿರ 1731ರ ಜರ್ಮನ್ ಚಾಕು ಇದೆ. ವರ್ಷ ಸ್ಪಷ್ಟವಾಗಿ ಬರೆದಿದೆ, ಎರಡು ಗೊಂಬೆ ಕೈಹಿಡಿದು ನಿಂತ ಚಿತ್ರ ಇದೆ. ಅಯಸ್ಕಾಂತ ಅಂಟುತ್ತೆ, ಹಾಗಾಗಿ ಸ್ಟೇನ್‌ಲೆಸ್ ಅಲ್ಲ, ಹಳೇ ಉಕ್ಕೇ.

ಹಳೇ ರೈಟರ್, ಸೋಮವಾರ ಮಧ್ಯಾಹ್ನ

ಅದು ಜೊಲಿಂಗನ್ ಊರಿನ ಹೆಂಕೆಲ್ಸ್ ಮನೆತನದ ಅವಳಿ ಗುರುತು. ಆ ಗುರುತು ನೋಂದಣಿಯಾದದ್ದು 1731ರಲ್ಲಿ, ನಿಮ್ಮ ಚಾಕು ಹುಟ್ಟಿದ್ದಲ್ಲ. ಇವತ್ತು ಅಂಗಡಿಗೆ ಬರುವ ಹೊಸ ಮಾಲಿನ ಮೇಲೂ ಆ ಸಂಖ್ಯೆ ಇರುತ್ತದೆ. ಜೊತೆಗೆ 'ವೆಸ್ಟ್ ಜರ್ಮನಿ' ಅಂತ ಇದೆಯೇ ನೋಡಿ. ಇದ್ದರೆ 1949 ಮತ್ತು 1990ರ ನಡುವಿನದು.

ಸಾಣೆಕಲ್ಲು, ಸೋಮವಾರ ಸಂಜೆ

ಅಯಸ್ಕಾಂತದ ಮಾತು ಬಹಳ ಜನ ಹೇಳ್ತಾರೆ, ಅದು ಅಲಗಿಗೆ ನಡೆಯಲ್ಲ ಅಣ್ಣ. ಅಡುಗೆಮನೆಯ ಸ್ಟೀಲ್ ಲೋಟಕ್ಕೆ ಅಂಟಲ್ಲ ಅಂತ ಚಾಕುವಿಗೂ ಅದೇ ಲೆಕ್ಕ ಹಾಕ್ತಾರೆ. ಚಾಕುವಿನ ಸ್ಟೇನ್‌ಲೆಸ್ ಬೇರೆ ಜಾತಿ. ಹದ ಹಾಕಿ ಗಟ್ಟಿ ಮಾಡುವಂಥದ್ದು, ಅಯಸ್ಕಾಂತಕ್ಕೆ ಚೆನ್ನಾಗಿ ಅಂಟುತ್ತೆ. ಅಲಗು ಯಾವುದು ಅಂತ ತಿಳೀಬೇಕಾದರೆ ಹುಳಿ ಮಾವಿನಕಾಯಿ ಹೆಚ್ಚಿ ನೋಡಿ. ಕಪ್ಪಾದರೆ ಹಳೇ ಉಕ್ಕು. ನೀಲಿ-ಬೂದು ಬಣ್ಣದ ಆ ಕಪ್ಪು ಅಲಗಿನ ರಕ್ಷಣೆ, ಅದನ್ನ ತೆಗೀಬೇಡಿ. ಕೆಂಪು ತುಕ್ಕು ಮಾತ್ರ ಶತ್ರು.

ಅಯಸ್ಕಾಂತ ಬೇರೆ ಕಡೆ ಕೆಲಸಕ್ಕೆ ಬರುತ್ತೆ. ಹಿಡಿಯ ತುದಿಗೆ ಲೋಹದ ತಲೆ ಇರುತ್ತಲ್ಲ, ಬೋಲ್ಸ್ಟರ್ ಅಂತಾರೆ, ಅದಕ್ಕೆ ಹಿಡೀರಿ. ಅಂಟಿದರೆ ಕಬ್ಬಿಣ, ಅಂಟದಿದ್ದರೆ ಜರ್ಮನ್ ಸಿಲ್ವರ್. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಇರಲ್ಲ, ತಾಮ್ರ, ಸತು, ನಿಕ್ಕಲ್ ಅಷ್ಟೇ.

ರಸಾಯನ ಪಾಠ, ಸೋಮವಾರ ಸಂಜೆ

ಸಾಣೆಕಲ್ಲು ಅವರು ಹೇಳಿದ್ದು ಅಕ್ಷರಶಃ ಸರಿ. ಲೋಟದ ಉಕ್ಕಿನಲ್ಲಿ ನಿಕ್ಕಲ್ ಇದೆ, ಹಾಗಾಗಿ ಅಂಟುವುದಿಲ್ಲ. ಹ್ಯಾರಿ ಬ್ರಿಯರ್ಲಿ 1913ರ ಆಗಸ್ಟ್‌ನಲ್ಲಿ ಅದೇ ಶೆಫೀಲ್ಡಿನಲ್ಲಿ ಮೊದಲು ಕರಗಿಸಿದ ಚಾಕುವಿನ ಉಕ್ಕಿನಲ್ಲಿ ಸುಮಾರು ಶೇ 12.8 ಕ್ರೋಮಿಯಂ, ಶೇ 0.24 ಇಂಗಾಲ ಇತ್ತು. ಇದು ಕಾಲ ಹೇಳುವ ದೊಡ್ಡ ಗೆರೆ. ಅಲಗಿನ ಮೇಲೆ 'ಸ್ಟೇನ್‌ಲೆಸ್', 'ರಸ್ಟ್‌ಲೆಸ್', ಜರ್ಮನ್ನಿನ 'ರೋಸ್ಟ್‌ಫ್ರೈ', ಫ್ರೆಂಚಿನ 'ಇನಾಕ್ಸ್', ಯಾವುದೇ ಇದ್ದರೂ ಆ ಚಾಕು ಮೊದಲನೇ ಮಹಾಯುದ್ಧಕ್ಕಿಂತ ಹಿಂದೆ ಹೋಗುವುದಿಲ್ಲ. ಸ್ವಿಸ್ ಚಾಕುವಿನ ಕಂಪನಿಗೆ ಹೆಸರು ಬಂದದ್ದೂ ಹೀಗೇ. ಸಂಸ್ಥಾಪಕ ತನ್ನ ತಾಯಿ ತೀರಿಕೊಂಡ ಮೇಲೆ 1909ರಲ್ಲಿ ಅವರ ನೆನಪಿಗೆ 'ವಿಕ್ಟೋರಿಯಾ' ಅಂತ ಇಟ್ಟ; 1921ರಲ್ಲಿ 'ಇನಾಕ್ಸ್' ಸೇರಿ ವಿಕ್ಟೋರಿನಾಕ್ಸ್ ಆಯಿತು.

ಗಂಧದಗುಡಿ ರಸ್ತೆ, ಸೋಮವಾರ ರಾತ್ರಿ

ನೋಡಿದೆ. 'ರೋಸ್ಟ್‌ಫ್ರೈ' ಇದೆ, 'ವೆಸ್ಟ್ ಜರ್ಮನಿ'ಯೂ ಇದೆ. ಒಪ್ಪಿದೆ. ದೊಡ್ಡಪ್ಪ ಗಲ್ಫ್‌ನಿಂದ ತಂದದ್ದು ಅಂತ ಅಮ್ಮ ಹೇಳ್ತಿದ್ದರು, ಅದೇ ಸರಿ.

ಚನ್ನರಾಯಪಟ್ಟಣ ಬಸ್ (ಚನ್ನರಾಯಪಟ್ಟಣ), ಮಂಗಳವಾರ ಬೆಳಿಗ್ಗೆ

ನಮ್ಮ ತಾತ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಗೆ ಹೋಗಿ ಬಂದವರು. ಅವರ ಚಾಕು: ಕಪ್ಪು ಹಿಡಿ, ಮೇಲೆಲ್ಲ ಚೌಕುಳಿ ಗೀರು, ಒಂದು ಅಲಗು, ಡಬ್ಬ ತೆರೆಯುವ ಕೊಕ್ಕೆ, ಹಿಂದೆ ದಪ್ಪನೆಯ ದಬ್ಬಳದಂಥ ಮೊನೆ. ಅಲಗಿನ ಬುಡದಲ್ಲಿ ಬಾಣದ ತುದಿ, 1943. ಇದರಲ್ಲಿ ಕಂಡುಹಿಡಿಯುವುದು ಏನೂ ಇಲ್ಲ ಅಂತ ಗೊತ್ತು, ತೋರಿಸಬೇಕು ಅನ್ನಿಸಿತು. ಆ ದಬ್ಬಳ ಕುದುರೆ ಗೊರಸಿಗೆ ಸಿಕ್ಕಿದ ಕಲ್ಲು ತೆಗೆಯೋದಕ್ಕೆ ಅಂತ ತಾತ ಹೇಳ್ತಿದ್ದರು.

ಹಳೇ ರೈಟರ್, ಮಂಗಳವಾರ ಬೆಳಿಗ್ಗೆ

ತೋರಿಸಿದ್ದು ಒಳ್ಳೆಯದಾಯಿತು, ಕೈಮುಗಿದೆ. ಬಾಣದ ತುದಿ ಬ್ರಿಟಿಷ್ ಸರ್ಕಾರದ ಸ್ವತ್ತಿನ ಗುರುತು. ಬಾಣದ ಜೊತೆ 'ಐ' ಅಕ್ಷರ ಇದ್ದರೆ ಭಾರತ ಸರ್ಕಾರದ್ದು, ಬಿಸಿಲಿಗೆ ಹಿಡಿದು ನೋಡಿ. ಆ ದಬ್ಬಳದ ಕೆಲಸ ಹಗ್ಗದ್ದು. ಬಿಗಿದ ಗಂಟು ಸಡಿಲಿಸಲು, ಹಗ್ಗದ ಎಳೆ ಬಿಡಿಸಿ ಹೆಣೆಯಲು. ಕುದುರೆ ಗೊರಸಿನ ಮಾತು ಸೈನಿಕರೇ ಒಬ್ಬರಿಗೊಬ್ಬರು ಹೇಳಿಕೊಂಡು ಎಲ್ಲ ದೇಶಕ್ಕೂ ಹಬ್ಬಿದ್ದು.

ಕೊಪ್ಪದ ಮಳೆ, ಮಂಗಳವಾರ ಮಧ್ಯಾಹ್ನ

ನಮ್ಮವರು ಪಾಂಡಿಚೇರಿಯಿಂದ ತಂದ ಮರದ ಹಿಡಿಯ ಚಾಕು ಒಂದಿದೆ, 'ಒಪಿನೆಲ್' ಅಂತ, ಕಿರೀಟ ತೊಟ್ಟ ಕೈ ಗುರುತು, 8 ಅಂತ ಸಂಖ್ಯೆ. ಅದೂ ಹಳೆಯದೇ?

ಬೇಲೂರು ದಾರಿ, ಮಂಗಳವಾರ ಮಧ್ಯಾಹ್ನ

ಕೊರಳಿನಲ್ಲಿ ತಿರುಗುವ ಲೋಹದ ಉಂಗುರ ಇದ್ದರೆ 1955ರ ಈಚೆ. ಅಲಗು ಬೀಗ ಹಾಕುವ ಆ ಉಂಗುರ ಬಂದದ್ದು ಆ ವರ್ಷ. 2ರಿಂದ 5ರವರೆಗಿನ ಪುಟ್ಟ ಅಳತೆಗಳಿಗೆ ಉಂಗುರ ಇವತ್ತಿಗೂ ಇಲ್ಲ, ನಿಮ್ಮದು 8 ಆದ್ದರಿಂದ ಈ ಲೆಕ್ಕ ನಡೆಯುತ್ತದೆ.

ಸಾಣೆಕಲ್ಲು, ಮಂಗಳವಾರ ರಾತ್ರಿ

ಹೇಮಾವತಿ ದಡದವರೇ, ನಿಮ್ಮ ಚಾಕುವಿನ ಫೋಟೋ ಮತ್ತೆ ಕೂತು ನೋಡಿದೆ. ಎಲ್ಲರೂ ಅಕ್ಷರ, ಹಿಡಿ ನೋಡಿದರು, ನಾನು ಸವೆತ ನೋಡಿದೆ.

ದೊಡ್ಡ ಅಲಗು ಹೆಚ್ಚು ಸವೆದಿಲ್ಲ. ಚಿಕ್ಕದು ಅರ್ಧ ಆಗಿದೆ, ಬುಡದಲ್ಲಿ ಅಗಲ ಹಾಗೇ ಇದೆ, ಮುಂದೆ ಬಡಕಲು. ಅಂದರೆ ದಿನಾ ಬಳಸಿದ್ದು ಚಿಕ್ಕದನ್ನ, ಗಟ್ಟಿ ಪದಾರ್ಥಕ್ಕೆ, ಆಗಾಗ ಕಲ್ಲಿಗೆ ಹಿಡಿದಿದ್ದಾರೆ. ನಮ್ಮ ಕಡೆ ಇಂಥ ಸವೆತ ನೋಡಿದರೆ ಅಡಿಕೆ ಹೆರೆದ ಚಾಕು ಅಂತೀವಿ. ಇನ್ನೊಂದು. ಸಾಣೆಯ ಮುಖ ಎರಡು ಕಡೆ ಸಮ ಇಲ್ಲ. ಬಲಗೈಯವರ ಚಾಕುಗಳಲ್ಲಿ ನಾನು ನೋಡಿದ ಸವೆತಕ್ಕೆ ಇದು ಉಲ್ಟಾ. ಉಗುರು ಹಾಕಿ ತೆಗೆಯೋ ಗೀರಿನ ಹತ್ತಿರ ಉಜ್ಜಿದ ಹೊಳಪೂ ಇಲ್ಲ, ಅಲಗಿನ ಬೆನ್ನನ್ನ ಎರಡು ಬೆರಳಲ್ಲಿ ಚಿವುಟಿ ತೆಗೆದ ಹಾಗಿದೆ. ಆ ಗೀರು ಬಲಗೈಯವರಿಗೆ ಅಂತಲೇ ಇರೋದು.

ಕೈಯಲ್ಲಿ ಹಿಡಿದು ನೋಡಿಲ್ಲ, ಅದಕ್ಕೆ ಖಂಡಿತ ಅನ್ನಲ್ಲ. ನಿಮ್ಮ ಮನೆಯಲ್ಲಿ ಎಡಚರು ಯಾರಾದರೂ ಇದ್ದರಾ?

ಹೇಮಾವತಿ ದಡ, ಬುಧವಾರ ರಾತ್ರಿ

ಅಣ್ಣ, ನಿಮ್ಮ ಮಾತು ಓದಿದ ಮೇಲೆ ಇವತ್ತು ಆಲೂರಿಗೆ ಹೋಗಿ ಬಂದೆ. ಅಜ್ಜಿ ಅಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದಾರೆ, ಎಂಬತ್ತೆಂಟು ವರ್ಷ. ಹಳೇ ರೈಟರ್ ಅವರು ಹೇಳಿದಂತೆ ಏನೂ ಕೇಳದೆ ಚಾಕು ಅವರ ಕೈಗೆ ಕೊಟ್ಟೆ.

ಮೊದಲು ಮೂಗಿನ ಹತ್ತಿರ ತಂದರು. 'ಇನ್ನೂ ಹೋಗಿಲ್ಲ ನೋಡು ಈ ವಾಸನೆ' ಅಂದರು. ತಾತ ಎಲೆಅಡಿಕೆ ಸಂಚಿಯಲ್ಲಿ ಪಚ್ಚಕರ್ಪೂರ ಇಟ್ಟುಕೊಳ್ಳುತ್ತಿದ್ದರಂತೆ, ಚಾಕುವಿಗೆ ಅದರದೇ ವಾಸನೆ ಹತ್ತಿದೆ ಅಂತ ಅಜ್ಜಿ ಇಷ್ಟು ವರ್ಷ ಅಂದುಕೊಂಡಿದ್ದರು. ಆಮೇಲೆ ಚಿಕ್ಕ ಅಲಗು ತೆಗೆಯಲು ಹೋದರು, ಬೆರಳಲ್ಲಿ ಬಲ ಸಾಲಲಿಲ್ಲ. ನಾನು ತೆಗೆದುಕೊಟ್ಟೆ. ಎಡಗೈಗೆ ಬದಲಾಯಿಸಿಕೊಂಡು, ಗಾಳಿಯಲ್ಲಿ ಅಡಿಕೆ ಹೆರೆಯುವ ಹಾಗೆ ಮಾಡಿ ತೋರಿಸಿದರು. 'ನಿಮ್ಮ ತಾತ ಹಿಂಗೆ. ಎಡಗೈ. ಮದುವೆಯಾದ ಹೊಸದರಲ್ಲಿ ನೋಡಿ ನಂಗೆ ಭಯ ಆಗ್ತಿತ್ತು, ಬೆರಳು ಕುಯ್ಕೋತಾರೆ ಅಂತ.'

ಕಾಫಿ ಹಾಕಲು ಮಂಗಳೂರಿಗೆ ಹೋದಾಗ ತಾತನೇ ಕೊಂಡು ತಂದದ್ದಂತೆ, ಮದುವೆಗೆ ಮೊದಲೇ. ದೊರೆ ಕೊಟ್ಟ ಚಾಕು ಬೇರೆ ಇತ್ತು, ಅದನ್ನು ಅಜ್ಜಿ ನೋಡಿಲ್ಲ, ಅವರ ಅತ್ತೆ ಹೇಳಿದ್ದು ಕೇಳಿದ್ದಾರೆ ಅಷ್ಟೇ. ಅದು ಏನಾಯಿತೋ ಅವರಿಗೂ ತಿಳಿಯದು.

ಅಪ್ಪನಿಗೆ ರಾತ್ರಿ ಊಟವಾದ ಮೇಲೆ ಎಲ್ಲ ಹೇಳಿದೆ. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಚಾಕು ತಗೊಂಡು ಚಿಕ್ಕ ಅಲಗಿನ ಮೇಲೆ ಹೆಬ್ಬೆರಳು ಆಡಿಸಿದರು. 'ಅಪ್ಪಯ್ಯ ಎಡಗೈಯಲ್ಲಿ ಹೆರೀತಿದ್ದದ್ದು ನಂಗೂ ನೆನಪಿದೆ, ಈ ಚಾಕು ಅದೇ ಅಂತ ಹೊಳೆದಿರಲಿಲ್ಲ' ಅಂದರು. ಉಜ್ಜಿಸುವ ಮಾತು ಬಿಟ್ಟಿದ್ದಾರೆ.

ಇನ್ನೊಂದು ಕೇಳಬೇಕು. ಅಜ್ಜಿ ಇದನ್ನು ದೇವರ ಮನೆಯಲ್ಲಿ ಇಡು ಅಂದಿದ್ದಾರೆ. ದೀಪ ಇರುವ ಜಾಗ, ಸೆಲ್ಯುಲಾಯ್ಡ್ ಹೊತ್ತಿಕೊಳ್ಳುತ್ತದೆ ಅಂತ ಮೇಡಂ ಹೇಳಿದ್ದು ನೆನಪಾಗಿ ಜಗುಲಿಯ ಮರದ ಬೀರುವಿನಲ್ಲಿ ಇಟ್ಟಿದ್ದೇನೆ. ಅದು ಸಾಕೇ? ಎಣ್ಣೆ ಯಾವುದು ಹಾಕಲಿ?

ರಸಾಯನ ಪಾಠ, ಬುಧವಾರ ರಾತ್ರಿ

ಜಗುಲಿಯ ಬೀರು ಒಳ್ಳೆಯದು, ಬಾಗಿಲಿನ ಸಂದಿಯಲ್ಲಿ ಗಾಳಿ ಆಡಲಿ. ಚರ್ಮದ ಚೀಲ, ಪ್ಲಾಸ್ಟಿಕ್ ಕವರು ಎರಡೂ ಬೇಡ. ಹತ್ತಿ ಬಟ್ಟೆಯ ಮೇಲೆ ಸುಮ್ಮನೆ ಇಡಿ. ಪಕ್ಕದಲ್ಲಿ ಬೇರೆ ಹಳೆಯ ಚಾಕು, ಹಳೆಯ ಫೋಟೋ ಇಡಬೇಡಿ. ಹಿಡಿ ಬೆವರಿದಂತೆ ಅಂಟಂಟಾದರೆ, ಪುಡಿಯಾಗತೊಡಗಿದರೆ ಇಲ್ಲಿ ಬಂದು ಹೇಳಿ.

ಸಾಣೆಕಲ್ಲು, ಬುಧವಾರ ರಾತ್ರಿ

ಹೊಲಿಗೆ ಮಿಷನ್ನಿನ ಎಣ್ಣೆ, ಕೀಲಿಗೆ ಒಂದೇ ತೊಟ್ಟು, ಅಲಗಿಗೆ ಬಟ್ಟೆಯಲ್ಲಿ ಒರೆಸಿ. ಕೊಬ್ಬರಿಎಣ್ಣೆ ಹಾಕಬೇಡಿ, ಜಿಡ್ಡುಗಟ್ಟಿ ಕೀಲು ಹಿಡಿದುಕೊಳ್ಳುತ್ತೆ. ಆಷಾಢ ಮುಗಿಯೋವರೆಗೆ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ. ಚಿಕ್ಕ ಅಲಗಿಗೆ ಸಾಣೆ ಹಿಡಿಸಬೇಡಿ, ತಾತ ಹಿಡಿದ ಸಾಣೆ ಹಂಗೇ ಇರಲಿ.